ಬೀಳಿಸುವ ಧೈರ್ಯವಿರುವಷ್ಟು ದೊಡ್ಡದು

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಕ್ಕನ ಮಗ ಹೋಳಿಗೆಯ ತಟ್ಟೆ ಹಿಡಿದುಕೊಂಡೇ ಪಕ್ಕದಲ್ಲಿ ಬಂದು ಕುಳಿತ. "ಮಾವ, ನಾನೂ ನಿಮ್ಮ ಹಾಗೆ ರಿಮೋಟಿನಲ್ಲಿ ಹಾರಿಸುವ ಒಂದು ಹೆಲಿಕಾಪ್ಟರ್ ತೆಗೆದುಕೊಳ್ಳಬೇಕು ಅಂದುಕೊಂಡಿದ್ದೇನೆ. ಎಷ್ಟರದ್ದು ತೆಗೆದುಕೊಳ್ಳಲಿ?" ಎಂದ. ಎಷ್ಟರದ್ದು ಎಂದರೆ ದುಡ್ಡಿನ ಲೆಕ್ಕವೋ ಗಾತ್ರದ ಲೆಕ್ಕವೋ ಎಂದು ಕೇಳಿದೆ. "ಎರಡೂ ಒಂದೇ ಅಲ್ಲವೇ?" ಎಂದ. ಅಲ್ಲವೋ ಮಾರಾಯ, ಎನ್ನಬೇಕೆಂದುಕೊಂಡವನು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡೆ. ಇದೇ ಪ್ರಶ್ನೆಯನ್ನು ಎಂಟು ವರ್ಷಗಳ ಹಿಂದೆ ನಾನು ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೆ ಸುಮಾರು ಒಂದು ಸ್ಕೂಟರಿನ ಹಣ ಉಳಿಯುತ್ತಿತ್ತು.

ನಮ್ಮೂರು ಚಿತ್ರದುರ್ಗದ ಪಕ್ಕ. ಹಿತ್ತಲಿನಲ್ಲಿ ನಿಂತರೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಗಾಳಿ ಎಲ್ಲಿ ಚೆನ್ನಾಗಿ ಬೀಸುತ್ತದೆ ಎಂದು ನೋಡಿಯೇ ಅವುಗಳನ್ನು ಅಲ್ಲಿ ನೆಟ್ಟಿದ್ದಾರೆ. ಅಂಥ ಊರಿನಲ್ಲಿ ಎಂಟುನೂರು ಗ್ರಾಂ ತೂಕದ ಯಂತ್ರವನ್ನು ಮೊದಲ ಬಾರಿ ಹಾರಿಸಲು ಹೊರಟವನ ಬುದ್ಧಿ ಎಂಥದ್ದಿರಬೇಕು, ನೀವೇ ಯೋಚಿಸಿ.

ಅದಕ್ಕೂ ಮೊದಲು ಎಲ್ಲರಂತೆ ನನ್ನ ಬಳಿಯೂ ಆಟಿಕೆಯೊಂದಿತ್ತು. ಒಂದರ ಮೇಲೊಂದು ಎರಡು ರೋಟರ್, ಅಂದರೆ ತಿರುಗುವ ಬ್ಲೇಡುಗಳ ಜೋಡಿ. ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ. ಒಂದರ ತಿರುಚುಬಲವನ್ನು ಇನ್ನೊಂದು ನುಂಗಿಹಾಕುವುದರಿಂದ ಅದು ತನ್ನಷ್ಟಕ್ಕೆ ತಾನೇ ನೆಟ್ಟಗೆ ನಿಲ್ಲುತ್ತದೆ. ಪಡಸಾಲೆಯ ಫ್ಯಾನ್ ಆರಿಸಿ ಎರಡು ತಿಂಗಳು ಹಾರಿಸಿದೆ. ಅದರಿಂದ ನಾನು ಕಲಿತದ್ದು ಬ್ಯಾಟರಿ ಚಾರ್ಜ್ ಮಾಡುವುದನ್ನು ಮಾತ್ರ, ಆದರೆ ಹಾರಿಸಲು ಬರುತ್ತದೆ ಎಂದು ತಿಳಿದುಕೊಂಡೆ. ಆ ಭ್ರಮೆಯಲ್ಲೇ 450 ವರ್ಗದ ಹೆಲಿಕಾಪ್ಟರಿನ ಬಿಡಿಭಾಗಗಳ ಪೆಟ್ಟಿಗೆ ತರಿಸಿ, ಮೂರು ಭಾನುವಾರ ಊಟದ ಮೇಜನ್ನು ಆಕ್ರಮಿಸಿಕೊಂಡು ಜೋಡಿಸಿದೆ.

ಈ ಸಂಖ್ಯೆಗಳ ಕತೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರು ಮೊದಲು ಎಡವುವುದು ಇಲ್ಲೇ. 600 ಎಂದರೆ ಅದರ ಒಂದೊಂದು ಬ್ಲೇಡಿನ ಉದ್ದ 600 ಮಿಲಿಮೀಟರ್. 700 ಎಂದರೆ 690ರಿಂದ 700. ಇಲ್ಲಿಯವರೆಗೆ ಲೆಕ್ಕ ಸರಿಯಾಗಿದೆ. 500ಕ್ಕೆ ಬಂದರೆ ಬ್ಲೇಡು 425. 450ರದ್ದು 325. 250ರದ್ದು 205. ಹಾಗಾದರೆ 450ರಲ್ಲಿ 450 ಇರುವುದು ಯಾವುದು? ಯಾವುದೂ ಅಲ್ಲ. ಚಪ್ಪಲಿಯ ನಂಬರಿನ ಹಾಗೆ, ಎಲ್ಲರೂ ಒಪ್ಪಿಕೊಂಡಿದ್ದಾರೆ, ನಾವೂ ಒಪ್ಪಿಕೊಳ್ಳಬೇಕು. ನಾನು ಮಾತ್ರ ಸಂಖ್ಯೆಯನ್ನು ನಂಬಿ ಪೆಟ್ಟಿಗೆ ಬಿಚ್ಚುವ ಮೊದಲೇ ಅಟ್ಟದ ಮೇಲೆ ಅದಕ್ಕೊಂದು ಜಾಗ ಅಳೆದಿದ್ದೆ.

ರಾಗಿ ಒಕ್ಕಣೆಗೆಂದು ಅಪ್ಪ ಸೆಗಣಿ ಸಾರಿಸಿ ಗಟ್ಟಿ ಮಾಡಿಸಿದ್ದ ಕಣ ಖಾಲಿ ಇತ್ತು. ಸಂಕ್ರಾಂತಿಯ ಮರುದಿನ. ಬೆಳಿಗ್ಗೆ ಒಂಬತ್ತೂವರೆ, ಅಂದರೆ ಗಾಳಿ ಎದ್ದು ಮೈ ಮುರಿಯುವ ಹೊತ್ತು. ಕಣದ ನಡುವೆ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು, ರಿಮೋಟಿನಲ್ಲಿ ಥ್ರಾಟಲ್, ಅಂದರೆ ಶಕ್ತಿ ಕೊಡುವ ಕೋಲನ್ನು, ಏರಿಸಿದೆ. ಬ್ಲೇಡುಗಳು ಮಸುಕಾಗಿ ಒಂದು ತಟ್ಟೆಯಂತಾದವು. ಕಾಲುಗಳು ಹಗುರಾದವು. ಮುಖ್ಯ ರೋಟರಿನ ತಿರುಚುವಿಕೆಗೆ ಎದುರಾಗಿ ಬಾಲದ ರೋಟರ್ ಗಾಳಿ ತಳ್ಳುತ್ತದಲ್ಲ, ಆ ತಳ್ಳುವಿಕೆ ಇಡೀ ಯಂತ್ರವನ್ನೇ ಒಂದು ಪಕ್ಕಕ್ಕೆ ಸರಿಸುತ್ತದೆ. ನಮ್ಮ ಮಾದರಿಗಳಲ್ಲಿ ಮುಖ್ಯ ರೋಟರ್ ಗಡಿಯಾರದ ದಿಕ್ಕಿಗೆ ತಿರುಗುವುದರಿಂದ ಅದು ಜಾರುವುದು ಎಡಕ್ಕೆ. ಅನುಭವಿಗಳು ನೆಲ ಬಿಡುವ ಮೊದಲೇ ರಿಮೋಟಿನ ಇನ್ನೊಂದು ಕೋಲನ್ನು ಬಲಕ್ಕೆ ಒಂದು ಕೂದಲೆಳೆಯಷ್ಟು ವಾಲಿಸಿರುತ್ತಾರೆ. ಆಟಿಕೆ ನನಗೆ ಇದನ್ನು ಕಲಿಸಿರಲಿಲ್ಲ. ಹೆಲಿಕಾಪ್ಟರ್ ಎಡಕ್ಕೆ ಜಾರಿತು, ಕಾಲು ಕಣದ ಅಂಚಿನ ಬಿರುಕಿಗೆ ಸಿಕ್ಕಿಕೊಂಡಿತು, ಗಾಬರಿಯಲ್ಲಿ ನಾನು ಇನ್ನಷ್ಟು ಥ್ರಾಟಲ್ ಕೊಟ್ಟೆ. ಮಗ್ಗುಲಿಗೆ ಉರುಳಿತು. ಒಟ್ಟು ನಾಲ್ಕು ಸೆಕೆಂಡು.

ಸದ್ದು ಅಡಗಿದ ಮೇಲೆ ಕೂತು ಲೆಕ್ಕ ಹಾಕಿದೆ. ಎರಡು ಬ್ಲೇಡು ಚೂರು. ಬಾಲದ ಕೊಳವೆ ಬ್ಲೇಡಿನ ಏಟಿಗೆ ಸೀಳಿ ಕಬ್ಬಿನ ಸಿಪ್ಪೆಯಂತೆ ನೇತಾಡುತ್ತಿದೆ. ಮುಖ್ಯ ಶಾಫ್ಟ್ ಬಗ್ಗಿದೆ, ಬ್ಲೇಡುಗಳನ್ನು ಹಿಡಿದಿರುವ ಸಣ್ಣ ಫೆದರಿಂಗ್ ಶಾಫ್ಟ್ ಬಗ್ಗಿದೆ, ದೊಡ್ಡ ಹಲ್ಲುಚಕ್ರದ ನಾಲ್ಕು ಹಲ್ಲು ಮಾಯ. ಅಪ್ಪ ಬಂದು ಒಂದು ಬ್ಲೇಡಿನ ಚೂರನ್ನು ಎತ್ತಿ ತಿರುಗಿಸಿ ನೋಡಿದರು. "ಇದರಲ್ಲಿ ಔಷಧಿ ಹೊಡೆಯಲು ಬರುತ್ತದೆಯೇ?" ಎಂದು ಕೇಳಿದರು. ಬರುವುದಿಲ್ಲ ಎಂದೆ. "ಮತ್ತೆ?" ಎಂದರು. ಆ 'ಮತ್ತೆ'ಗೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ.

ದುರಸ್ತಿಗೆ ಎರಡೂವರೆ ಸಾವಿರ ರೂಪಾಯಿ, ಬಿಡಿಭಾಗ ಬರಲು ಹನ್ನೊಂದು ದಿನ. ಮುಂದಿನ ಹಾರಾಟ ಒಂಬತ್ತು ಸೆಕೆಂಡು. ಸುಧಾರಣೆ ಎಂದರೆ ಸುಧಾರಣೆಯೇ.

ಎಡವಟ್ಟಾದದ್ದು ಎಲ್ಲಿ? ದೊಡ್ಡದು ಕಷ್ಟ, ಚಿಕ್ಕದು ಸುಲಭ ಎಂದು ನಾನು ಹಿಡಿದುಕೊಂಡಿದ್ದ ಲೆಕ್ಕದಲ್ಲಿ. ಹೆಲಿಕಾಪ್ಟರಿನಲ್ಲಿ ಇದು ತಲೆಕೆಳಗು. ಚಿತ್ರದುರ್ಗದವನಾಗಿ ಒನಕೆಯ ಮಾತೆತ್ತದೆ ಇದನ್ನು ವಿವರಿಸುವುದು ನನಗೆ ಆಗದ ಕೆಲಸ. ಅಂಗೈ ಮೇಲೆ ಒಂದು ಪೆನ್ಸಿಲನ್ನು ನಿಲ್ಲಿಸಲು ನೋಡಿ. ನಿಮ್ಮ ಕೈ ಅಲುಗುವ ಮೊದಲೇ ಅದು ಬಿದ್ದಿರುತ್ತದೆ. ಒನಕೆಯನ್ನು ನಿಲ್ಲಿಸಿ. ಅದು ನಿಧಾನವಾಗಿ ವಾಲುತ್ತದೆ, ನೀವು ಕೈ ಸರಿಸಿ ಸರಿಪಡಿಸುವಷ್ಟು ಪುರುಸೊತ್ತು ಕೊಡುತ್ತದೆ. ಹೆಲಿಕಾಪ್ಟರೂ ಹಾಗೆಯೇ. ಎಲ್ಲ ಅಳತೆಯನ್ನೂ ಇಮ್ಮಡಿ ಮಾಡಿದರೆ ತೂಕ 8 ಪಟ್ಟಾಗುತ್ತದೆ, ತಿರುಗಿಸಹೋದಾಗ ಅದು ತೋರುವ ಜಡತ್ವ 32 ಪಟ್ಟಾಗುತ್ತದೆ. ದೊಡ್ಡದು ಯೋಚಿಸಿ ತಿರುಗುತ್ತದೆ. ಚಿಕ್ಕದು ತಿರುಗಿದ ಮೇಲೆ ನಾವು ಯೋಚಿಸಬೇಕು. ಹಿಂದೆ ರೋಟರಿನ ಜೊತೆ ತಿರುಗುವ ಅಡ್ಡಕಡ್ಡಿಯೊಂದು ಈ ಚಡಪಡಿಕೆಯನ್ನು ತಕ್ಕಮಟ್ಟಿಗೆ ತಡೆಯುತ್ತಿತ್ತು, ಈಗ ಯಂತ್ರ ತಿರುಗುವುದನ್ನು ಗ್ರಹಿಸುವ ಮೂರು ಅಕ್ಷಗಳ ಎಲೆಕ್ಟ್ರಾನಿಕ್ ಗೈರೋ ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಇದರಿಂದ ಚಿಕ್ಕವುಗಳ ಸ್ವಭಾವ ಎಷ್ಟೋ ಸೌಮ್ಯವಾಗಿದೆ, ನಿಜ. ಆದರೆ ಗೈರೋ ನಮ್ಮ ಕಣ್ಣನ್ನು ಚುರುಕು ಮಾಡುವುದಿಲ್ಲ. ಮೂವತ್ತು ಮೀಟರ್ ಆಚೆ 450 ಒಂದು ದುಂಬಿಯಷ್ಟು. ಮೂತಿ ನಮ್ಮ ಕಡೆಗಿದೆಯೋ ಬಾಲ ನಮ್ಮ ಕಡೆಗಿದೆಯೋ ಎಂದು ಒಂದು ಕ್ಷಣ ಗೊಂದಲವಾದರೂ ಸಾಕು, ಕೈ ತಪ್ಪು ದಿಕ್ಕಿಗೆ ಹೋಗುತ್ತದೆ.

ಮೂತಿ ನಮ್ಮ ಕಡೆ ತಿರುಗಿಸಿ ನಿಲ್ಲಿಸುವುದೇ ಈ ಹವ್ಯಾಸದ ಹತ್ತನೇ ತರಗತಿ. ಎಡಕ್ಕೆ ಹೋಗು ಎಂದರೆ ನಮ್ಮ ಬಲಕ್ಕೆ ಬರುತ್ತದೆ, ಮುಂದೆ ಹೋಗು ಎಂದರೆ ನಮ್ಮ ಎದೆಗೇ ಬರುತ್ತದೆ. ಎದುರು ಕುಳಿತವರಿಗೆ ಬೈತಲೆ ತೆಗೆದ ಹಾಗೆ, ಬುದ್ಧಿಗೆ ಗೊತ್ತಿದ್ದರೂ ಬೆರಳಿಗೆ ಗೊತ್ತಾಗಬೇಕು. ಬೆರಳಿಗೆ ಗೊತ್ತಾಗುವುದು ಬೀಳಿಸಿ ಬೀಳಿಸಿಯೇ. ನಾನು ಒಂದು ಹಳೆಯ ಡೈರಿಯಲ್ಲಿ ಪ್ರತಿ ಬೀಳುವಿಕೆಯನ್ನೂ ಬರೆದಿಡುತ್ತಿದ್ದೆ: ದಿನಾಂಕ, ಏನು ಮಾಡಲು ಹೋದೆ, ಏನು ಮುರಿಯಿತು, ಎಷ್ಟು ಖರ್ಚು. ಒಂದು ವರ್ಷದ ಪುಟಗಳನ್ನು ತಿರುವಿದಾಗ ಹೊಳೆದದ್ದು ಇಷ್ಟು. ಒಂದು ಪಾಠ ಕಲಿಯಲು ನಾನು ಇಷ್ಟು ಸಾರಿ ಬೀಳಿಸಲೇಬೇಕು ಎಂಬುದು ನನ್ನ ಹಣೆಬರಹ. ಯಂತ್ರ ದೊಡ್ಡದಾದ ಮಾತ್ರಕ್ಕೆ ಆ ಎಣಿಕೆಯಲ್ಲಿ ದೊಡ್ಡ ರಿಯಾಯಿತಿ ಸಿಗುವುದಿಲ್ಲ. ಏರುವುದು ಒಂದೊಂದು ಬೀಳುವಿಕೆಯ ದರ. ಕಂಪ್ಯೂಟರಿನ ಪರದೆಯ ಮೇಲೆ ಹಾರಿಸುವ ಸಿಮ್ಯುಲೇಟರಿನಲ್ಲಿ ಆ ದರ ಸೊನ್ನೆ. ಅಂಗೈಯಗಲದ ಹೆಲಿಕಾಪ್ಟರಿನಲ್ಲಿ ಹೆಚ್ಚೆಂದರೆ ಒಂದು ಮಸಾಲೆ ದೋಸೆ. 450ರಲ್ಲಿ ಎರಡರಿಂದ ಮೂರು ಸಾವಿರ. 700ರಲ್ಲಿ ಆ ಅಂಕಿಯನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳುವ ಹಾಗಿಲ್ಲ.

ಹಾಗಾಗಿ 450ನ್ನು ಅಟ್ಟಕ್ಕೇರಿಸಿ, ಒಂದೇ ಸೆಲ್ಲಿನ ಬ್ಯಾಟರಿಯಲ್ಲಿ ಹಾರುವ ಸುಮಾರು 50 ಗ್ರಾಮಿನ ಪುಟ್ಟದೊಂದನ್ನು ಕೊಂಡೆ. ಆಟಿಕೆಯದಲ್ಲ, ಬ್ಲೇಡಿನ ಕೋನ ಬದಲಾಗುವ ನಿಜವಾದ ಪಿಚ್ ಇರುವಂಥದ್ದು. ಇಲ್ಲಿ ಜಿಪುಣತನ ಮಾಡಬಾರದು. ಬ್ಲೇಡಿನ ಕೋನ ಸ್ಥಿರವಾಗಿದ್ದು, ವೇಗ ಹೆಚ್ಚಿಸಿದರೆ ಮೇಲೇರುವ, ಕಡಿಮೆ ಮಾಡಿದರೆ ಇಳಿಯುವ ಅಗ್ಗದ ಬಗೆಯಲ್ಲಿ ಹಾರಿಸಿ ಬೆಳೆಸಿಕೊಂಡ ಅಭ್ಯಾಸವನ್ನು ಆಮೇಲೆ ಬಿಡಿಸಬೇಕಾಗುತ್ತದೆ. ನನ್ನ ಪುಟ್ಟದನ್ನು ನಾನು ಬೇಲಿಗೆ ಹೊಡೆದಿದ್ದೇನೆ, ಎಮ್ಮೆಯ ಬೆನ್ನ ಮೇಲೆ ಇಳಿಸಿದ್ದೇನೆ, ಹುಣಸೆ ಮರದಲ್ಲಿ ಸಿಕ್ಕಿಸಿ ಗಳು ಕಟ್ಟಿ ಇಳಿಸಿಕೊಂಡಿದ್ದೇನೆ. ಐವತ್ತು ಗ್ರಾಂ ಹುಲ್ಲಿನ ಮೇಲೆ ಬಿದ್ದರೆ ಏನೂ ಆಗುವುದಿಲ್ಲ. ಎತ್ತಿ, ಮಣ್ಣು ಊದಿ, ಮತ್ತೆ ಹಾರಿಸುವುದು. ಪೆನ್ಸಿಲ್ ಒನಕೆಗಿಂತ ಬೇಗ ಬೀಳುತ್ತದೆ ಎಂದೆನಲ್ಲ, ಆದರೆ ಕಾಲ ಮೇಲೆ ಬಿದ್ದಾಗ ಯಾವುದು ವಾಸಿ? ಅದರ ದೊಡ್ಡ ಕೊರತೆ ಗಾಳಿ. ಆಷಾಢದಲ್ಲಿ ಅದನ್ನು ನಮ್ಮೂರಿನಲ್ಲಿ ಹೊರಗೆ ತೆಗೆಯುವುದೂ ಒಂದೇ, ಗಾಳಿಪಟದ ದಾರ ಕಡಿಯುವುದೂ ಒಂದೇ. ಬೆಳಿಗ್ಗೆ ಏಳು ಗಂಟೆಯೊಳಗೆ ಹಾರಿಸಿ ಮುಗಿಸಬೇಕು, ಇಲ್ಲವೇ ಕಲ್ಯಾಣ ಮಂಟಪದಂಥ ದೊಡ್ಡ ಸಭಾಂಗಣ ಹುಡುಕಬೇಕು.

700ರ ರುಚಿ ಹತ್ತಿಸಿದವರು ಬೆಂಗಳೂರಿನ ಹಿರಿಯರೊಬ್ಬರು. ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು, ಜೀವಮಾನವಿಡೀ ನಿಜವಾದ ಹೆಲಿಕಾಪ್ಟರುಗಳ ನಡುವೆ ಇದ್ದವರು. ನಗರದ ಹೊರಗಿನ ಬಯಲಿನಲ್ಲಿ ಒಂದು ಭಾನುವಾರ ತಮ್ಮ ರಿಮೋಟಿಗೆ ನನ್ನದನ್ನು ಜೋಡಿಸಿ, "ಹಾರಿಸಿ ನೋಡಿ, ಕೈ ತಪ್ಪಿದರೆ ನಾನು ಹಿಡಿದುಕೊಳ್ಳುತ್ತೇನೆ. ಹತ್ತು ಮೀಟರಿಗಿಂತ ಹತ್ತಿರ ಮಾತ್ರ ತರಬೇಡಿ" ಎಂದರು. ಐದು ಕಿಲೋ ತೂಕ, ಒಂದೂವರೆ ಮೀಟರಿಗೂ ಮೀರಿದ ರೋಟರ್. ಮೇಲೆದ್ದು ನಿಂತಿತು ನೋಡಿ, ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ. ನನ್ನ 450 ಒಂದೇ ಸಮನೆ ಗೊಣಗುತ್ತಿತ್ತು, ಇದು ಉಸಿರಾಡುತ್ತಿತ್ತು. ಎಪ್ಪತ್ತು ಮೀಟರ್ ದೂರದಲ್ಲೂ ಬಾಲ ಯಾವುದು ಮೂತಿ ಯಾವುದು ಎಂದು ಸ್ಪಷ್ಟ. ಎಂಟು ನಿಮಿಷ ಹಾರಿಸಿದೆ, ಇಳಿಸಿದಾಗ ಅಂಗಿ ಬೆನ್ನಿಗೆ ಅಂಟಿತ್ತು.

ಮನೆಗೆ ಬಂದು ಕಾಗದದ ಮೇಲೆ ಒಂದು ಲೆಕ್ಕ ಮಾಡಿದೆ. 450ರ ರೋಟರ್ ಅಡ್ಡಳತೆ ಸುಮಾರು 70 ಸೆಂಟಿಮೀಟರ್, ನಿಮಿಷಕ್ಕೆ 2800 ಸುತ್ತು. ಬ್ಲೇಡಿನ ತುದಿಯ ವೇಗ ಗಂಟೆಗೆ ಸುಮಾರು 370 ಕಿಲೋಮೀಟರ್. 700 ನಿಮಿಷಕ್ಕೆ 2000 ಸುತ್ತು ಮಾತ್ರ ತಿರುಗುತ್ತದೆ, ಅದಕ್ಕೇ ಕಿವಿಗೆ ಸೌಮ್ಯ. ಆದರೆ ಅಡ್ಡಳತೆ 1.58 ಮೀಟರ್ ಆದ್ದರಿಂದ ತುದಿಯ ವೇಗ ಗಂಟೆಗೆ 595 ಕಿಲೋಮೀಟರ್. ಸೆಕೆಂಡಿಗೆ 165 ಮೀಟರ್. ಮನುಷ್ಯರು ಕೂರುವ ಹೆಲಿಕಾಪ್ಟರಿನದು 200ರ ಆಸುಪಾಸು. ಅಂದರೆ ನಾನು ಹತ್ತು ಮೀಟರ್ ದೂರದಲ್ಲಿ ನಿಂತು ಆಡುತ್ತಿದ್ದುದು ಆಟಿಕೆಯ ಜೊತೆಯಲ್ಲ. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಉದ್ಯಾನವೊಂದರಲ್ಲಿ 19 ವರ್ಷದ ಹುಡುಗನೊಬ್ಬ ತನ್ನದೇ ಹೆಲಿಕಾಪ್ಟರಿನ ಬ್ಲೇಡು ತಗುಲಿ ತೀರಿಕೊಂಡ. ಅವನು ಅನನುಭವಿಯೂ ಆಗಿರಲಿಲ್ಲ.

ಆ ಎಂಟು ನಿಮಿಷದಲ್ಲಿ ನಾನು ಹೊಸತೇನನ್ನೂ ಮಾಡಲಿಲ್ಲ ಎಂಬುದು ಆಮೇಲೆ ನೆನಪಾಯಿತು. ಮೂತಿ ತಿರುಗಿಸಲಿಲ್ಲ, ಒಂದು ಸುತ್ತು ಹಾಕಲಿಲ್ಲ. ಹಾರಿಸಿದೆ ಎನ್ನುವುದಕ್ಕಿಂತ ಕಾವಲು ಕಾದೆ. ಅದನ್ನು ಹಿರಿಯರಿಗೆ ಹೇಳಿದೆ. ಅವರು ನಕ್ಕು ಕಾರಿನ ಡಿಕ್ಕಿ ತೆಗೆದು ತೋರಿಸಿದರು. ಮೂಲೆಯಲ್ಲಿ ಟವೆಲ್ ಸುತ್ತಿದ, ಮೈತುಂಬ ಗಾಯದ ಒಂದು ಪುಟಾಣಿ ಹೆಲಿಕಾಪ್ಟರ್. "ದೊಡ್ಡದನ್ನು ತಿಂಗಳಿಗೊಮ್ಮೆ ತರುತ್ತೇನೆ. ದಿನಾ ಸಂಜೆ ಹಾರಿಸುವುದು ಇದನ್ನೇ" ಎಂದರು.

ಗಾತ್ರದ ಮಾತಿನಲ್ಲಿ ಯಾರೂ ಮೊದಲೇ ಹೇಳದ ಇನ್ನೊಂದು ಸಂಗತಿ ಕರೆಂಟು. 450ಕ್ಕೆ ಮೂರು ಸೆಲ್ಲಿನ 2200 ಎಂಎಎಚ್ ಬ್ಯಾಟರಿ, ಲೆಕ್ಕ ಹಾಕಿದರೆ 24 ವ್ಯಾಟ್‌ಅವರ್. ಕಾರಿನ ಬ್ಯಾಟರಿಯಿಂದ ಹೊಲದಲ್ಲೇ ಏಳೆಂಟು ಸಲ ಚಾರ್ಜ್ ಮಾಡಿಕೊಂಡರೂ ಕಾರು ಸ್ಟಾರ್ಟ್ ಆಗುತ್ತದೆ. 700ಕ್ಕೆ ಹನ್ನೆರಡು ಸೆಲ್ಲಿನ 5000 ಎಂಎಎಚ್ ಬೇಕು, ಅದು 222 ವ್ಯಾಟ್‌ಅವರ್. ಒಂದೇ ಹಾರಾಟಕ್ಕೆ ಸಾಮಾನ್ಯ ಕಾರಿನ ಬ್ಯಾಟರಿಯ ಅರ್ಧ ಜೀವ ಹೋಗುತ್ತದೆ, ಎರಡನೆಯದಕ್ಕೆ ಕೈಹಾಕಿದರೆ ಮನೆಗೆ ತಳ್ಳಿಕೊಂಡು ಬರಬೇಕು. ನಾನು ಒಂದು ಸಲ ಪಂಪ್‌ಸೆಟ್ ಮನೆಯಿಂದ ತಂತಿ ಎಳೆದು ಚಾರ್ಜರ್ ಹಚ್ಚಿ ಕೂತಿದ್ದೆ, ಕರೆಂಟು ಹೋಯಿತು. ಮತ್ತೆ ಬಂದದ್ದು ರಾತ್ರಿ ಹತ್ತಕ್ಕೆ. ತುಂಬಿದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗಳನ್ನು ಹಾಗೇ ವಾರಗಟ್ಟಲೆ ಇಡುವಂತೆಯೂ ಇಲ್ಲ. ಸೆಲ್ಲಿಗೆ 4.2 ವೋಲ್ಟ್ ತುಂಬಿಸಿದ್ದನ್ನು 3.8ರ ಸುಮಾರಿಗೆ ಇಳಿಸಿಡಬೇಕು, ಇಲ್ಲದಿದ್ದರೆ ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ. ಮಳೆಗಾಲದ ಭಾನುವಾರಗಳಲ್ಲಿ, ತುಂಬಿಸಿಟ್ಟು ಮಳೆ ಸುರಿದು ಮತ್ತೆ ಇಳಿಸುವ ಈ ಕೆಲಸ ಎರಡು ಜೊತೆ ದೊಡ್ಡ ಬ್ಯಾಟರಿ ಇರುವವರಿಗೆ ಇಡೀ ಸಂಜೆಯನ್ನು ತಿನ್ನುತ್ತದೆ.

ಕಾನೂನಿನ ತಕ್ಕಡಿಯೂ ಒಂದಿದೆ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೋ, 2 ಕಿಲೋವರೆಗಿನದು ಮೈಕ್ರೋ, ಅದರಾಚೆ 25 ಕಿಲೋವರೆಗೆ ಸ್ಮಾಲ್. ಎಲ್ಲಿ ಹಾರಿಸಬಹುದು ಎಂದು ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆ ನೋಡಿಯೇ ಹೊರಡಬೇಕು. ವಿಮಾನ ನಿಲ್ದಾಣ, ವಾಯುನೆಲೆಗಳಿರುವ ಬೆಂಗಳೂರಿನವರಿಗೆ ಇದನ್ನು ಎರಡೆರಡು ಸಲ ಹೇಳಬೇಕು.

ಇದೆಲ್ಲ ಅಳೆದು ಸುರಿದು ನಾನು ಕೊನೆಗೆ ನಿಂತದ್ದು 500ರಲ್ಲಿ. 425 ಮಿಲಿಮೀಟರ್ ಬ್ಲೇಡು, ಆರು ಸೆಲ್ಲು, ಬ್ಯಾಟರಿ ಸಮೇತ ಎರಡು ಕಿಲೋದೊಳಗೆ. ನಮ್ಮೂರಿನ ಗಾಳಿಗೆ ತಲೆ ಕೊಟ್ಟು ನಿಲ್ಲುತ್ತದೆ, ಐವತ್ತು ಮೀಟರಿನವರೆಗೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ, ಬ್ಲೇಡು ಬಿಚ್ಚದೆ ಹಿಂದಕ್ಕೆ ಮಡಚಿ ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿಸಬಹುದು. ಈ ಗಾತ್ರಕ್ಕೆ ಈಗ ಅಷ್ಟು ಗಿರಾಕಿಯಿಲ್ಲ, ಬಿಡಿಭಾಗಕ್ಕೆ ಅಲೆಯಬೇಕು. ಕೇಳುವವರು ಇದಕ್ಕಿಂತ ಚಿಕ್ಕದಕ್ಕೋ ದೊಡ್ಡದಕ್ಕೋ ಹೋಗಿಬಿಡುತ್ತಾರೆ. ನನಗೆ ಬೇಸರವಿಲ್ಲ. ಮೂರು ಸಲ ಬೀಳಿಸಿದ್ದೇನೆ. ಮೂರು ಸಲವೂ ಹೊಟ್ಟೆ ಉರಿಯಿತು, ಆದರೆ ಮುಂದಿನ ತಿಂಗಳು ಮತ್ತೆ ಹಾರಿಸಲು ಕೈ ನಡುಗಲಿಲ್ಲ. 700 ಕೊಂಡಿದ್ದರೆ ಅದು ಇಷ್ಟು ಹೊತ್ತಿಗೆ ಶೋಕೇಸಿನಲ್ಲಿ ಮೈಸೂರು ದಸರಾ ಗೊಂಬೆಯ ಪಕ್ಕ ನಿಂತಿರುತ್ತಿತ್ತು.

ಹೋಳಿಗೆ ಮುಗಿಸಿದ ಅಳಿಯ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. ನಾನು ಮರುಪ್ರಶ್ನೆ ಹಾಕಿದೆ. ಹಾರಿಸುವುದು ಎಲ್ಲಿ? ದಾವಣಗೆರೆಯಲ್ಲಿ, ಹಾಸ್ಟೆಲ್ಲಿನ ಹಿಂದಿನ ವಾಲಿಬಾಲ್ ಅಂಕಣದಲ್ಲಿ. ಯಾವಾಗ? ಸಂಜೆ. ಸಂಜೆ ಅಲ್ಲಿ ಆಡುವವರಿಲ್ಲವೇ? ಇದ್ದಾರೆ. ಹಾಗಾದರೆ ಬೆಳಿಗ್ಗೆ ಏಳುವೆಯಾ? ಅವನು ತಟ್ಟೆ ನೋಡಿಕೊಂಡ. ಎಷ್ಟು ದುಡ್ಡಿದೆ? ಅಜ್ಜಿ ಕೊಟ್ಟದ್ದು, ತಾನು ಉಳಿಸಿದ್ದು ಸೇರಿ ಹದಿನೆಂಟು ಸಾವಿರ. ಅವನ ಮೊಬೈಲಿನಲ್ಲಿ ಆಗಲೇ ಬಳಸಿದ 450 ಒಂದರ ಫೋಟೋ ಇತ್ತು, ಬೆಲೆ ಸರಿಯಾಗಿ ಹದಿನೆಂಟು ಸಾವಿರ.

"ಇದನ್ನು ಕೊಂಡರೆ ಮೊದಲ ಸಲ ಬಿದ್ದಾಗ ರಿಪೇರಿಗೆ?" ಎಂದೆ.

"ಬೀಳಿಸುವುದಿಲ್ಲ ಮಾವ."

ಆ ಮಾತನ್ನು ನಾನೂ ಅಪ್ಪನ ಮುಂದೆ ಆಡಿದ್ದೆ. ಎದ್ದು ಒಳಗೆ ಹೋಗಿ, ಹುಣಸೆ ಮರದಿಂದ ಇಳಿಸಿಕೊಂಡಿದ್ದ ಪುಟ್ಟದನ್ನೇ ತಂದು ಕೈಗಿಟ್ಟೆ. ಜೊತೆಗೆ ನಾಲ್ಕು ಬ್ಯಾಟರಿ, ಆರು ಜೊತೆ ಬ್ಲೇಡು, ಎರಡು ಹಲ್ಲುಚಕ್ರ, ಸಿಮ್ಯುಲೇಟರಿಗೆ ಜೋಡಿಸುವ ತಂತಿ. ಅವನ ಮುಖ ಸಪ್ಪಗಾಯಿತು. ಹದಿನೆಂಟು ಸಾವಿರದ ಕನಸು ಕಂಡವನಿಗೆ ಅಂಗೈಯಗಲದ, ಟೇಪು ಸುತ್ತಿದ ಹೆಲಿಕಾಪ್ಟರ್. ಆ ದುಡ್ಡನ್ನು ಮುಟ್ಟಬೇಡ, ಯುಗಾದಿ ಹೊತ್ತಿಗೆ ಮಾತಾಡೋಣ ಎಂದೆ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋಟೋ ಕಳಿಸಿದ್ದ. ನಾಲ್ಕನೇ ಜೊತೆ ಬ್ಲೇಡು ಚೂರಾಗಿದೆ, ಹೊಸದು ಹಾಕಿದರೂ ನಡುಗುತ್ತಿದೆಯಂತೆ. ಮೂತಿ ಈ ಕಡೆ ತಿರುಗಿಸಿ ಇಪ್ಪತ್ತು ಸೆಕೆಂಡು ನಿಲ್ಲಿಸಿದ್ದನಂತೆ, ಆಮೇಲೆ ಗೋಡೆ ಅಡ್ಡ ಬಂತಂತೆ. ಇಪ್ಪತ್ತು ಸೆಕೆಂಡು! ನನಗೆ ಅಷ್ಟಾಗಲು ಎಂಟು ತಿಂಗಳು ಹಿಡಿದಿತ್ತು. ಅದನ್ನು ಅವನಿಗೆ ಹೇಳಲಿಲ್ಲ. ಫೆದರಿಂಗ್ ಶಾಫ್ಟ್ ಬಿಚ್ಚಿ ಗಾಜಿನ ಮೇಲೆ ಉರುಳಿಸಿ ನೋಡು, ಕುಂಟುತ್ತಾ ಉರುಳಿದರೆ ಬಗ್ಗಿದೆ ಎಂದರ್ಥ, ಬೇರೆ ಕಳಿಸುತ್ತೇನೆ ಎಂದು ಬರೆದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು: "ಕುಂಟುತ್ತಿದೆ ಮಾವ. ಎರಡು ಕಳಿಸಿ."